ನಡಾವಳಿ ಪುಸ್ತಕ

ಟೇಪು ತರುತ್ತೇನೆಂದ ಎಂಜಿನಿಯರು ಬರಲಿಲ್ಲ.
ಹತ್ತೂವರೆಯ ಬಿಸಿಲಿಗೆ ತಗಡು ಸಿಡಿಯತೊಡಗಿ
ಗಿರಣಿ ಚಾಳಿನ ನೆರಳು ಹೊಸ್ತಿಲಿಗೆ ಸರಿದಿತ್ತು.
ಖುದೇಜಾ ಒಳಗೆ ಹೋಗಿ ಒಂದು ಚಾದರ ತಂದಳು,
ಅವಳ ಗಂಡ ನೇಯ್ದದ್ದು, ಅಂಚಿನಲ್ಲಿ ನೂಲು ತಪ್ಪಿ
ಪೇಟೆಗೆ ಹೋಗದೆ ಉಳಿದದ್ದು.
"ಉದ್ದ ಏಳೂವರೆ ಫೂಟು, ಅಗಲ ಐದು. ಇದರಾಗ ಸುಳ್ಳಿಲ್ಲ.
ಹಿಡೀರಿ ಆ ತುದಿ."

ಹೀಗೆ ಸೊಲ್ಲಾಪುರದ ಒಂದು ಮೂಲೆ,
ನಿಂತ ಗಿರಣಿಗೂ ರೈಲು ಹಳಿಗೂ ನಡುವಿನ ನೆಲ,
ಚಾದರಿನ ಲೆಕ್ಕಕ್ಕೆ ಬಂತು.
ನಾನು ಬರೆದುಕೊಂಡೆ. ಬರೆಯುವುದು ನನ್ನ ಕೆಲಸ.
ನೋಟೀಸು ಮರಾಠಿಯಲ್ಲಿ ಬರುತ್ತದೆ, ಜಗಳ ತೆಲುಗಿನಲ್ಲಿ ಏಳುತ್ತದೆ,
ನಡಾವಳಿ ಮಾತ್ರ ನನ್ನ ಕೈಯಲ್ಲಿ ಕನ್ನಡವಾಗುತ್ತದೆ.
ಯಾರೂ ಹೇಳಿದ್ದಲ್ಲ. ಯಾರೂ ಬೇಡ ಎಂದದ್ದೂ ಅಲ್ಲ.

ಮನೆಯೊಂದಕ್ಕೆ ಎಂಟು ಚಾದರ.
"ಎಂಟರಾಗ ಹೆಣ ಮಲಗಿಸಲಾಕೂ ಜಾಗ ಸಾಲೂದಿಲ್ಲ"
ಅಂದಳು ಶಿವಗಂಗವ್ವ.
"ಈಗ ಮೂರರಾಗ ಆರು ಮಂದಿ ಮಲಗತೀವಲ್ಲ, ಜೀವಂತ"
ಅಂದಳು ಅಂಬುಬಾಯಿ ಚಿಪ್ಪಾ.
ನಕ್ಕರು. ನಗೆಯನ್ನು ನಾನು ಬರೆಯಲಿಲ್ಲ.

ಪಾಲಿಕೆಯ ನಕ್ಷೆಯಲ್ಲಿ ನಮ್ಮ ಚಾಳು ತಿಳಿಹಳದಿ.
ಅದರ ಮೇಲೆ ಏಳು ಮಾಳಿಗೆ, ಕೆಳಗೆ ಕಾರು ನಿಲ್ಲುವ ಜಾಗ.
ಹೌಸಾಬಾಯಿ ಬೆರಳಿಟ್ಟು ಕೇಳಿದಳು:
"ಏಳನೇ ಮಾಳಿಗ್ಯಾಗ ಎಲಿ ಹೆಂಗ ತೊಯಿಸೂದು?"
ಬೀಡಿ ಎಲೆಗೆ ನೀರು ಬೇಕು, ಹರವಲು ನೆಲ ಬೇಕು,
ಸಂಜೆ ಕಾರಖಾನೆಯವನು ಕಟ್ಟು ಎಣಿಸಲು ಕೂಡುವ
ಒಂದು ಕಟ್ಟೆ ಬೇಕು.
ಕಟ್ಟೆಯನ್ನು ಆ ನಕ್ಷೆ ತೋರಿಸುವುದಿಲ್ಲ.
ನಾವು ತೋರಿಸಿದೆವು: ಧೂಳಿನಲ್ಲಿ ಒಂದು ಇಟ್ಟಿಗೆ, ಅಡ್ಡ.

ಎರಡೇ ಮಾಳಿಗೆ ಎಂದಾಯಿತು. ನೆಲಮನೆ ಯಾರಿಗೆ ಎಂಬಲ್ಲಿ
ಸಭೆ ಎರಡು ಸಲ ಎದ್ದುಹೋಯಿತು.
ಮೊಣಕಾಲು ನೋವಿದ್ದವರು ಕೈಯೆತ್ತಿ ಅಂದರೆ
ಎಲ್ಲರೂ ಎತ್ತಿದರು, ಹದಿನೆಂಟರ ಪೋರನೂ.
ಕೊನೆಗೆ ಮಗ್ಗ ಇದ್ದವರಿಗೆ ನೆಲ
(ಮಗ್ಗ ಮೆಟ್ಟಿಲು ಹತ್ತುವುದಿಲ್ಲವಲ್ಲ),
ಕಾಲು ಹೋದ ಮಲಕಾರಿಗೆ ನಲ್ಲಿಯ ಪಕ್ಕದ್ದು,
ಉಳಿದದ್ದು ಚೀಟಿ ಎತ್ತಿ.

ಕಂತು ಇಷ್ಟು ರೂಪಾಯಿ ಎಂದಾಗ ತಲೆ ತಗ್ಗಿಸಿದವರು
ಇಷ್ಟು ಬೀಡಿ ಎಂದಾಗ ತಲೆ ಎತ್ತಿದರು.
ದಿನಕ್ಕೆ ನೂರೈವತ್ತು, ಹದಿನೈದು ವರ್ಷ.
ಬಾಣಂತನ, ಬೇನೆ, ಮುಷ್ಕರದ ತಿಂಗಳು
ಸಂಘದ ಪೆಟ್ಟಿಗೆ ತುಂಬತಕ್ಕದ್ದು.
"ತಕ್ಕದ್ದು" ನನ್ನ ಪದ. ಸಭೆ ಅಂದದ್ದು, "ತುಂಬತೈತಿ ಬಿಡ್ರಿ."

ಆಮೇಲೆ ಒಂಬತ್ತನೆಯ ಠರಾವು.
ಮನೆ ಮಾರುವುದಿದ್ದರೆ ಸಂಘಕ್ಕೇ ಮಾರಬೇಕು,
ಕಟ್ಟಿದ ಕಂತಿನ ಮೇಲೆ ಬಡ್ಡಿಯಷ್ಟು ಹಿಡಿದು. ಪೇಟೆಯ ಬೆಲೆಗಲ್ಲ.
"ನಾ ಇವತ್ತ ದುಬಾರಿ ಮಾರಿ ಹೋದರ
ನಾಳೆ ಈ ಓಣ್ಯಾಗ ನಮ್ಮಂಥವರಿಗಿ ಬಾಗಲ ತಗಿಯೋರು ಯಾರು?"
ಶಿವಗಂಗವ್ವ ಕೇಳಿದಳು. ನನ್ನ ಪೆನ್ನು ನಿಂತಿತು.

ನನ್ನ ತಲೆಯಲ್ಲಿ ಇನ್ನೊಂದು ನಕ್ಷೆ ಇತ್ತು.
ಹೈವೇ ಕಡೆಯ ಏಜೆಂಟ ಚಹಾ ಕುಡಿಸಿ
ಸಿಗರೇಟು ಪಾಕೀಟಿನ ಬೆನ್ನಿಗೆ ಅಂಕಿ ಬರೆದುಕೊಟ್ಟಿದ್ದ.
ಆ ಅಂಕಿಯಲ್ಲಿ ಮಗಳ ನರ್ಸಿಂಗ್ ಇತ್ತು,
ಅಕ್ಕಲಕೋಟೆಯಲ್ಲಿ ಒಂದು ಸಣ್ಣ ಅಂಗಡಿ ಇತ್ತು,
ಅಂಗಡಿಯಲ್ಲಿ ನಾನಿದ್ದೆ, ಇಸ್ತ್ರಿ ಅಂಗಿ ತೊಟ್ಟು.
ಪಾಕೀಟು ಇನ್ನೂ ಜೇಬಿನಲ್ಲಿತ್ತು.

ಕೈಗಳು ಎದ್ದವು. ತಂಬಾಕಿನ ಹಳದಿ ಹತ್ತಿದ ಬೆರಳು,
ನೂಲು ಕೊಯ್ದ ಬೆರಳು. ಎಣಿಸಿದೆ: ನಲವತ್ತೊಂದು.
ಮನೆ ನಲವತ್ತೆರಡು.
ನನ್ನ ಕಡೆ ಯಾರೂ ನೋಡಲಿಲ್ಲ.
ಬರೆಯುವವನ ಕೈ ಖಾಲಿ ಇರುವುದಿಲ್ಲವಲ್ಲ.

"ಒಮ್ಮತದಿಂದ" ಎಂದು ಬರೆದೆ.
ಶಾಯಿ ಒಣಗುವುದರೊಳಗೆ ಗೆರೆ ಎಳೆದು ಹೊಡೆದೆ.
"ಒಬ್ಬರ ವಿರೋಧ." ಮುಂದೆ ಹೆಸರು.
ಓದಿ ಹೇಳು ಅಂದಳು ಖುದೇಜಾ.
ಓದಿದೆ.

ಗೂಡ್ಸ್ ಗಾಡಿ ದಾಟುವ ತನಕ ಯಾರೂ ಮಾತಾಡಲಿಲ್ಲ.
ಆಮೇಲೆ ಅಂಬುಬಾಯಿ ಚಾದರ ಜಾಡಿಸಿ
ಒಂದು ತುದಿ ನನ್ನ ಕಡೆ ಎಸೆದಳು:
"ಕಟ್ಟಿ ಅಳಿಯೂದು ಉಳದೈತಿ. ಹಿಡಿ."